ಹೆಗ್ಗೋಡಿನ ಸುಬ್ಬಣ್ಣ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹೆಗ್ಗೋಡು ಎಂಬುದೊಂದು ಊರಿದೆ. ತಗ್ಗಿನಲ್ಲಿ ಅಡಕೆಯ ತೋಟ, ಅದರ ನೆತ್ತಿಯಲ್ಲಿ ಸೊಪ್ಪಿನ ಬೆಟ್ಟ, ಅಲ್ಲಲ್ಲಿ ಬತ್ತದ ಗದ್ದೆ, ಕೂಗಳತೆಗೊಂದರಂತೆ ಚೆದುರಿದ ಮನೆಗಳು. ಮಳೆಗಾಲ ಬಂತೆಂದರೆ ನಾಲ್ಕು ತಿಂಗಳ ಕಾಲ ಆಕಾಶವೇ ಕಳಚಿಬಿದ್ದಂತೆ ಮಳೆ. ಮಳೆ ನಿಂತು ಕೊನೆಕೊಯ್ಲು ಆರಂಭವಾದರೆ ರಾತ್ರಿಯೆಲ್ಲ ಅಡಕೆ ಸುಲಿಯುವ ಕೆಲಸ. ಇಂಥ ಊರುಗಳು ಮಲೆನಾಡಿನಲ್ಲಿ ನೂರಾರಿವೆ. ಆದರೆ ಕಾಳಿದಾಸನ ನಾಟಕವನ್ನೂ ಶೇಕ್ಸ್‌ಪಿಯರನ ನಾಟಕವನ್ನೂ ನೋಡಲು ದೂರದ ನಗರಗಳ ಜನ ಹುಡುಕಿಕೊಂಡು ಬರುವ ಹಳ್ಳಿ ಯಾವುದೆಂದು ಕೇಳಿದರೆ ಕನ್ನಡನಾಡಿನಲ್ಲಿ ಮೊದಲು ನಾಲಗೆಗೆ ಬರುವ ಹೆಸರು ಹೆಗ್ಗೋಡು. ಆ ಹೆಸರಿನ ಹಿಂದೆ ಇನ್ನೊಂದು ಹೆಸರಿದೆ; ಅದು ಕೆ. ವಿ. ಸುಬ್ಬಣ್ಣನವರದು.

ಕುಂಟಗೋಡು ವಿಭೂತಿ ಸುಬ್ಬಣ್ಣನವರು ಹುಟ್ಟಿದ್ದು 1932ರ ಫೆಬ್ರವರಿ 20ರಂದು, ಇದೇ ಪರಿಸರದ ಒಂದು ಕೃಷಿಕ ಕುಟುಂಬದಲ್ಲಿ. ಅಡಕೆಯ ತೋಟವೇ ಮನೆತನದ ಜೀವನಾಧಾರ. ಅಂದಿನ ಮಲೆನಾಡಿನ ಬಾಲಕನಿಗೆ ಕಲೆಯೆಂದರೆ ಮೊದಲು ಪರಿಚಯವಾಗುತ್ತಿದ್ದುದು ಯಕ್ಷಗಾನ. ಬೇಸಗೆಯ ಇರುಳುಗಳಲ್ಲಿ ಬಯಲಿನಲ್ಲಿ ಚೆಂಡೆಯ ಸದ್ದು ಕೇಳಿಬಂದರೆ ಊರಿಗೆ ಊರೇ ದೊಂದಿ ಹಿಡಿದು ಹೊರಡುತ್ತಿತ್ತು. ಮಳೆಗಾಲದಲ್ಲಿ ಆಟವಿಲ್ಲದಿದ್ದರೆ ಜಗಲಿಯ ಮೇಲೆ ತಾಳಮದ್ದಳೆ. ವೇಷವಿಲ್ಲದೆ, ರಂಗಸ್ಥಳವಿಲ್ಲದೆ, ಬರಿಯ ಮಾತಿನಿಂದಲೇ ಕೃಷ್ಣನನ್ನೂ ಕರ್ಣನನ್ನೂ ಕಣ್ಣಮುಂದೆ ತಂದು ನಿಲ್ಲಿಸುವ ಆ ಕಲೆಯಲ್ಲಿ ಅರ್ಥ ಹೇಳುವವರು ಹಗಲಿನಲ್ಲಿ ತೋಟಗದ್ದೆಗಳಲ್ಲಿ ದುಡಿಯುವ ನೆರೆಮನೆಯವರೇ. ಕೇಳುವವರೂ ಅವರೇ, ಮೆಚ್ಚುವವರೂ ತಪ್ಪು ಹಿಡಿಯುವವರೂ ಅವರೇ. ಕಲೆಯು ಬದುಕಿನಿಂದ ಬೇರೆಯಾದ ಒಂದು ವಸ್ತುವಲ್ಲವೆಂಬ ತಿಳಿವು ಮಲೆನಾಡಿನ ಮಕ್ಕಳಿಗೆ ಹೀಗೆ ಪಾಠವಿಲ್ಲದೆಯೇ ಬರುತ್ತಿತ್ತು.

1947ರಲ್ಲಿ ದೇಶ ಸ್ವತಂತ್ರವಾಯಿತು. ಹಳ್ಳಿಹಳ್ಳಿಗಳಲ್ಲಿಯೂ ತರುಣರ ಮನಸ್ಸು ಹೊಸ ಹುರುಪಿನಿಂದ ತುಂಬಿತ್ತು. ತಮ್ಮ ಊರಿಗಾಗಿ ತಾವೇ ಏನನ್ನಾದರೂ ಮಾಡಬೇಕೆಂಬ ಹಂಬಲ ಎಲ್ಲೆಡೆಯೂ ಇತ್ತು. 1949ರಲ್ಲಿ ಹೆಗ್ಗೋಡಿನ ಉತ್ಸಾಹಿಗಳು ಕೂಡಿ ಒಂದು ಸಂಘವನ್ನು ಕಟ್ಟಿದರು. ಊರ ದೇವರಾದ ನೀಲಕಂಠೇಶ್ವರನ ಹೆಸರನ್ನೇ ಅದಕ್ಕೆ ಇಟ್ಟರು. ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂಬ ಆ ಉದ್ದನೆಯ ಹೆಸರು ಮೊದಲಕ್ಷರಗಳಲ್ಲಿ ಕುಗ್ಗಿ ಮುಂದೆ ನೀನಾಸಂ ಎಂದು ಪ್ರಸಿದ್ಧವಾಯಿತು. ಸಂಘ ಹುಟ್ಟಿದಾಗ ಸುಬ್ಬಣ್ಣನವರಿಗೆ ಹದಿನೇಳು ವರ್ಷ. ಹಬ್ಬಹರಿದಿನಗಳಲ್ಲಿ ನಾಟಕವಾಡುವ ಇಂಥ ಸಂಘಗಳು ನಾಡಿನಲ್ಲಿ ಆಗ ಬಹಳ ಇದ್ದವು. ಹಲವು ಸಂಘಗಳು ನಾಲ್ಕಾರು ವರ್ಷ ನಡೆದು, ಬಣ್ಣ ಹಚ್ಚಿದವರು ಸಂಸಾರದ ಹೊಣೆಗೆ ಸಿಕ್ಕಿದೊಡನೆ ನಿಂತುಹೋದವು. ಹೆಗ್ಗೋಡಿನ ಸಂಘವೂ ಹಾಗೆಯೇ ನಿಂತುಹೋಗಬಹುದಾಗಿತ್ತು. ಅದು ನಿಲ್ಲಲಿಲ್ಲವೆಂಬುದರಲ್ಲಿಯೇ ಸುಬ್ಬಣ್ಣನವರ ಬಾಳಿನ ಕಥೆ ಅಡಗಿದೆ.

ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಸುಬ್ಬಣ್ಣನವರು ಮೈಸೂರಿಗೆ ಹೋಗಿ ಮಹಾರಾಜಾ ಕಾಲೇಜನ್ನು ಸೇರಿದರು. ಅದು ಕನ್ನಡ ಸಾಹಿತ್ಯದ ಪಾಲಿಗೆ ಬೆಳಕಿನ ಮನೆಯಂತಿದ್ದ ವಿದ್ಯಾಲಯ. ಅಲ್ಲಿ ಕುವೆಂಪು ಅವರು ಕನ್ನಡದ ಪ್ರಾಧ್ಯಾಪಕರಾಗಿದ್ದರು. ಮಲೆನಾಡಿನಲ್ಲಿಯೇ ಹುಟ್ಟಿ ವಿಶ್ವದೃಷ್ಟಿಯನ್ನು ಪಡೆದ ಆ ಕವಿಯ ಪ್ರಭಾವ ಸುಬ್ಬಣ್ಣನವರ ಮೇಲೆ ಆಳವಾಗಿ ಆಯಿತು. ಗಾಂಧೀಜಿಯವರ ಗ್ರಾಮಚಿಂತನೆ, ರಾಮಮನೋಹರ ಲೋಹಿಯಾ ಅವರ ಸಮಾಜವಾದ ಇವು ಕೂಡ ಅವರನ್ನು ಸೆಳೆದವು. 1951ರಲ್ಲಿ ಅವರ ತಾಲ್ಲೂಕಿನ ಕಾಗೋಡಿನಲ್ಲಿಯೇ ಗೇಣಿದಾರರು ತಮ್ಮ ಹಕ್ಕಿಗಾಗಿ ಸತ್ಯಾಗ್ರಹ ಹೂಡಿದ್ದರು. ಲೋಹಿಯಾ ಅವರೇ ಬಂದು ಅದರಲ್ಲಿ ಭಾಗಿಯಾಗಿದ್ದರು. ದೊಡ್ಡ ವಿಚಾರಗಳು ರಾಜಧಾನಿಗಳಿಂದಲೇ ಇಳಿದು ಬರಬೇಕಾಗಿಲ್ಲ, ಒಂದು ಹಳ್ಳಿಯ ಗದ್ದೆಯ ಬದುವಿನ ಮೇಲೂ ಅವು ಹುಟ್ಟಬಲ್ಲವೆಂಬುದು ಆ ಕಾಲದ ಸಾಗರ ಸೀಮೆಯ ತರುಣರಿಗೆ ಕಣ್ಣಾರೆ ಕಂಡ ಸತ್ಯವಾಗಿತ್ತು.

ಪದವಿ ಪಡೆದ ಹಳ್ಳಿಯ ಯುವಕನ ಮುಂದೆ ಆಗ ಎರಡು ದಾರಿಗಳಿದ್ದವು. ನಗರದಲ್ಲಿ ಉದ್ಯೋಗ ಹಿಡಿದು ಅಲ್ಲಿಯೇ ನೆಲಸುವುದು ಒಂದು. ಊರಿಗೆ ಹಿಂದಿರುಗುವುದು ಇನ್ನೊಂದು. ಮೊದಲನೆಯ ದಾರಿಯನ್ನು ಹಿಡಿದವರೇ ಹೆಚ್ಚು. ಸುಬ್ಬಣ್ಣನವರು ಎರಡನೆಯದನ್ನು ಆರಿಸಿಕೊಂಡರು. ಊರಿಗೆ ಬಂದು ತೋಟದ ಆಡಳಿತವನ್ನು ವಹಿಸಿಕೊಂಡರು. ಹೀಗೆ ಬಂದವರು ಮೈಸೂರಿನಲ್ಲಿ ಪಡೆದ ಅಭಿರುಚಿಯನ್ನು ಬಿಟ್ಟು ಬರಲಿಲ್ಲ. ನಗರದಲ್ಲಿ ದೊರೆಯುವ ಪುಸ್ತಕ, ನಾಟಕ, ಚರ್ಚೆ ಇವೆಲ್ಲ ಹಳ್ಳಿಯವನಿಗೆ ಏಕೆ ಸಿಗಬಾರದೆಂಬ ಪ್ರಶ್ನೆಯನ್ನು ಹೊತ್ತು ಬಂದರು. ಆ ಪ್ರಶ್ನೆಗೆ ಉತ್ತರವನ್ನು ಮಾತಿನಲ್ಲಿ ಕೊಡುವುದು ಸುಲಭ. ಅವರು ಅರ್ಧ ಶತಮಾನದ ದುಡಿಮೆಯಿಂದ ಉತ್ತರ ಕೊಟ್ಟರು.

ಮೊದಲ ಕೆಲಸ ಪುಸ್ತಕದ್ದು. 1950ರ ದಶಕದ ಕೊನೆಯ ಹೊತ್ತಿಗೆ ಅವರು ಅಕ್ಷರ ಪ್ರಕಾಶನವನ್ನು ಆರಂಭಿಸಿದರು. ಪ್ರಕಾಶನವೆಂದರೆ ದೊಡ್ಡ ಪಟ್ಟಣದ ವ್ಯವಹಾರವೆಂದು ತಿಳಿದಿದ್ದ ಕಾಲದಲ್ಲಿ, ಅಡಕೆಯ ಮೂಟೆಗಳು ಹೊರಡುವ ಊರಿನಿಂದ ಪುಸ್ತಕದ ಕಟ್ಟುಗಳೂ ಹೊರಡತೊಡಗಿದವು. ನವ್ಯ ಸಾಹಿತ್ಯದ ಅನೇಕ ಮುಖ್ಯ ಕೃತಿಗಳಿಗೆ ಅಕ್ಷರ ಪ್ರಕಾಶನ ಆಸರೆಯಾಯಿತು. ಗೋಪಾಲಕೃಷ್ಣ ಅಡಿಗರು ಸಂಪಾದಿಸುತ್ತಿದ್ದ ‘ಸಾಕ್ಷಿ’ ಎಂಬ ಸಾಹಿತ್ಯ ಪತ್ರಿಕೆಯೂ ಇಲ್ಲಿಂದಲೇ ಪ್ರಕಟವಾಯಿತು. ಕನ್ನಡದಲ್ಲಿ ಹೊಸದಾಗಿ ಯೋಚಿಸುವವರ ವಿಳಾಸಗಳಲ್ಲಿ ಹೆಗ್ಗೋಡಿನ ಹೆಸರೂ ಹೀಗೆ ಸೇರಿಕೊಂಡಿತು.

ಸಂಘದ ನಾಟಕಗಳು ನಡೆಯುತ್ತಲೇ ಇದ್ದವು. ಆದರೆ ಅದಕ್ಕೆ ತನ್ನದೇ ಆದ ರಂಗಮಂದಿರವಿರಲಿಲ್ಲ. 1970ರ ದಶಕದ ಆರಂಭದಲ್ಲಿ ಆ ಕೊರತೆಯೂ ನೀಗಿತು. ಹೊಸ ಕಟ್ಟಡಕ್ಕೆ ಶಿವರಾಮ ಕಾರಂತರ ಹೆಸರನ್ನಿಟ್ಟರು. ಕಾರಂತರು ಆಗಿನ್ನೂ ನಮ್ಮೊಡನಿದ್ದರು. ಕಾದಂಬರಿಕಾರರಾಗಿ ಮಾತ್ರವಲ್ಲದೆ ಯಕ್ಷಗಾನಕ್ಕೆ ಹೊಸ ಜೀವ ತುಂಬಿದವರಾಗಿ ನಾಡಿಗೆಲ್ಲ ಪೂಜ್ಯರಾಗಿದ್ದರು. ಪುತ್ತೂರಿನಲ್ಲಿ ನೆಲಸಿ, ಮಕ್ಕಳಿಗಾಗಿ ಬಾಲವನವನ್ನು ಕಟ್ಟಿದ ಆ ಹಿರಿಯರ ಹೆಸರು ಹಳ್ಳಿಯೊಂದರ ರಂಗಮಂದಿರಕ್ಕೆ ಎಲ್ಲ ಬಗೆಯಲ್ಲಿಯೂ ಒಪ್ಪುವಂತಿತ್ತು.

1973ರಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿಕೊಂಡಿತು. ಸತ್ಯಜಿತ್ ರಾಯ್, ಜಪಾನಿನ ಕುರೊಸಾವ ಮೊದಲಾದವರ ಚಲನಚಿತ್ರಗಳು ಹೆಗ್ಗೋಡಿಗೆ ಬಂದವು. ಇಂಥ ಚಿತ್ರಗಳು ವಿದ್ಯಾವಂತರಿಗೇ ಕಷ್ಟವೆಂದು ಹೇಳುವ ಕಾಲವದು. ಹಳ್ಳಿಯ ಜನಕ್ಕೆ ಇವು ಹಿಡಿಸುವುವೇ ಎಂಬ ಸಂಶಯ ಬಂದುದರಲ್ಲಿ ಆಶ್ಚರ್ಯವಿಲ್ಲ. ಹಳ್ಳಿಗರಿಗೆ ಅರ್ಥವಾಗದೆಂದು ಅವರಿಂದ ಒಳ್ಳೆಯದನ್ನು ಮರೆಮಾಡುವುದು ಅವರಿಗೆ ಮಾಡುವ ಅವಮಾನವೆಂಬುದು ಸುಬ್ಬಣ್ಣನವರ ದೃಢವಾದ ನಂಬಿಕೆ. ಬಡತನದಲ್ಲಿ ಬೇಯುವ ಬಂಗಾಳದ ಒಂದು ಸಂಸಾರದ ಕಥೆ ಮಲೆನಾಡಿನ ತಾಯಿಗೆ ಅರ್ಥವಾಗಲು ಭಾಷೆ ಅಡ್ಡಿಯಾಗಲಾರದು. ಸ್ವಲ್ಪ ಸಹಾಯ ಬೇಕು, ಅಷ್ಟೆ. ಆ ಸಹಾಯವನ್ನು ಒದಗಿಸುವ ಹೊಣೆಯನ್ನು ಅವರು ಹೊತ್ತರು. ಚಲನಚಿತ್ರ ಕಲೆಯನ್ನು ಕುರಿತು ತಿಳಿಯಾದ ಕನ್ನಡದಲ್ಲಿ ಬರೆದರು. 1979ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅವರನ್ನು ಬರಮಾಡಿಕೊಂಡು ಚಲನಚಿತ್ರ ರಸಗ್ರಹಣ ಶಿಬಿರವನ್ನು ಹೆಗ್ಗೋಡಿನಲ್ಲಿಯೇ ನಡೆಸಿದರು. ಚಿತ್ರವನ್ನು ನೋಡುವುದಕ್ಕೂ ಒಂದು ಶಿಕ್ಷಣವಿದೆ, ಅದನ್ನು ಯಾರು ಬೇಕಾದರೂ ಪಡೆಯಬಹುದು ಎಂಬುದನ್ನು ಆ ಶಿಬಿರ ತೋರಿಸಿಕೊಟ್ಟಿತು.

ನಾಟಕದ ವಿಷಯದಲ್ಲಿಯೂ ಇದೇ ವಿಚಾರ ಬೆಳೆಯಿತು. ಉತ್ಸಾಹದಿಂದ ನಾಟಕವಾಡುವವರು ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಇದ್ದರು. ಅವರಿಗೆ ಕ್ರಮವಾದ ಶಿಕ್ಷಣ ಕೊಡುವ ಸ್ಥಳವಿರಲಿಲ್ಲ. ದೆಹಲಿಯಲ್ಲಿದ್ದ ರಾಷ್ಟ್ರೀಯ ನಾಟಕ ಶಾಲೆ ದೂರದ್ದು. ಅಲ್ಲಿಯ ವ್ಯವಹಾರ ಹಿಂದಿ ಇಂಗ್ಲಿಷುಗಳದು. ಕನ್ನಡದಲ್ಲಿಯೇ ರಂಗಶಿಕ್ಷಣ ಕೊಡುವ ಶಾಲೆಯೊಂದು ಬೇಕೆಂದು ಯೋಚಿಸಿ 1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರವನ್ನು ತೆರೆಯಲಾಯಿತು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಚಿದಂಬರರಾವ್ ಜಂಬೆ ಅವರು ದೀರ್ಘಕಾಲ ಅದರ ಪ್ರಾಚಾರ್ಯರಾಗಿ ದುಡಿದರು. ಬಿ. ವಿ. ಕಾರಂತರಂಥ ನಿರ್ದೇಶಕರು ಬಂದು ಹೆಗ್ಗೋಡಿನೊಡನೆ ತಮ್ಮ ಅನುಭವವನ್ನು ಹಂಚಿಕೊಂಡರು. ನಾಡಿನ ಬೇರೆಬೇರೆ ಜಿಲ್ಲೆಗಳಿಂದ ತರುಣ ತರುಣಿಯರು ಬಂದು, ಅಲ್ಲಿಯೇ ವಾಸವಾಗಿದ್ದು ಕಲಿಯತೊಡಗಿದರು. ಅಭಿನಯ, ಪ್ರಸಾಧನ, ಬೆಳಕಿನ ಯೋಜನೆ, ರಂಗಸಜ್ಜಿಕೆ, ನಾಟಕದ ಚರಿತ್ರೆ ಎಲ್ಲವೂ ಪಾಠದ ವಿಷಯಗಳೇ. ಭರತನ ನಾಟ್ಯಶಾಸ್ತ್ರದಿಂದ ಹಿಡಿದು ಜರ್ಮನಿಯ ಬ್ರೆಕ್ಟ್‌ನ ತನಕ ಎಲ್ಲವೂ ಕನ್ನಡದ ಮಾತಿನಲ್ಲಿ. ಬಿಜಾಪುರದ ಕನ್ನಡ, ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಮೈಸೂರಿನ ಕನ್ನಡ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತವು. ಒಂದೇ ರಂಗದ ಮೇಲೆ ಮಾತನಾಡಿದವು.

ಶಾಲೆ ತೆರೆದುದರಿಂದ ಒಂದು ಹೊಸ ತೊಡಕು ಹುಟ್ಟಿತು. ಕಲಿತವರು ಮುಂದೆ ಏನು ಮಾಡಬೇಕು? ನಾಟಕವನ್ನೇ ನಂಬಿ ಬದುಕುವುದಕ್ಕೆ ಆಸ್ಪದವೆಲ್ಲಿ? ಹಳೆಯ ವೃತ್ತಿನಾಟಕ ಕಂಪನಿಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ನಗರದ ಹವ್ಯಾಸಿ ತಂಡಗಳಲ್ಲಿ ಸಂಜೆಯ ಹೊತ್ತು ನಾಟಕವಾಡುವವರಿಗೆ ಹಗಲಿನಲ್ಲಿ ಬೇರೆ ಉದ್ಯೋಗವಿರುತ್ತಿತ್ತು. ತರಬೇತಿ ಪಡೆದ ಹಳ್ಳಿಯ ಹುಡುಗನಿಗೆ ಅದೂ ಇರಲಿಲ್ಲ. ವಿದ್ಯೆಯನ್ನು ಕೊಟ್ಟು ಅದನ್ನು ಬಳಸಲು ದಾರಿ ತೋರದಿದ್ದರೆ ಕೊಟ್ಟ ವಿದ್ಯೆಯೇ ಭಾರವಾದೀತು.

ಈ ನಡುವೆ 1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಜನಸ್ಪಂದನವೆಂಬ ಯೋಜನೆ ನಡೆಯಿತು. ಕರ್ನಾಟಕದ ಹಳ್ಳಿಗಳಲ್ಲಿ ನಾಟಕ ಶಿಬಿರಗಳೂ ಚಲನಚಿತ್ರ ಶಿಬಿರಗಳೂ ಏರ್ಪಟ್ಟವು. ಊರವರೇ ನಟರಾದರು. ಅದುವರೆಗೆ ರಂಗವನ್ನು ದೂರದಿಂದ ನೋಡಿದವರು ರಂಗವನ್ನೇರಿದರು. ಹೊರಗಿನಿಂದ ಬರುವ ಧನಸಹಾಯಕ್ಕೆ ಒಂದು ಅವಧಿಯಿರುತ್ತದೆ. ಅವಧಿ ತೀರಿದ ಮೇಲೆ ಕೆಲಸ ತನ್ನ ಕಾಲಿನ ಮೇಲೆ ತಾನೇ ನಿಲ್ಲಬೇಕಾಗುತ್ತದೆ. ಯೋಜನೆ ಮುಗಿದ ವರ್ಷವೇ, ಅಂದರೆ 1985ರಲ್ಲಿ, ನೀನಾಸಂ ತಿರುಗಾಟ ಹೊರಟಿತು.

ತಿರುಗಾಟವೆಂಬ ಮಾತು ಯಕ್ಷಗಾನ ಮೇಳಗಳದು. ಮಳೆಗಾಲ ಮುಗಿದ ಮೇಲೆ ಮೇಳವು ಗೆಜ್ಜೆ ಕಟ್ಟಿ ಹೊರಟು, ಊರಿಂದೂರಿಗೆ ಆಟವಾಡುತ್ತ ಹೋಗುವುದನ್ನು ಕರಾವಳಿ ಮಲೆನಾಡುಗಳಲ್ಲಿ ತಿರುಗಾಟವೆನ್ನುತ್ತಾರೆ. ಆ ಹಳೆಯ ಪದ್ಧತಿಯನ್ನು ಹೊಸ ನಾಟಕಕ್ಕೆ ಅಳವಡಿಸಿದ್ದು ಸುಬ್ಬಣ್ಣನವರ ವಿವೇಕ. ರಂಗಶಿಕ್ಷಣ ಪಡೆದವರು ಹೆಗ್ಗೋಡಿನಲ್ಲಿ ಕೂಡಿ, ಮಳೆಗಾಲದ ತಿಂಗಳುಗಳಲ್ಲಿ ಕೆಲವು ನಾಟಕಗಳನ್ನು ಸಿದ್ಧಪಡಿಸುವರು. ಮಳೆ ಹಿಂದಾದ ಮೇಲೆ ಪರದೆ, ದೀಪ, ವೇಷಭೂಷಣಗಳನ್ನು ವಾಹನದಲ್ಲಿ ತುಂಬಿಕೊಂಡು ನಾಡನ್ನು ಸುತ್ತುವರು. ಕರೆದ ಊರಿನವರು ಒಂದು ನಿಗದಿಯಾದ ವೀಳ್ಯವನ್ನು ಕೊಟ್ಟು, ಕಲಾವಿದರಿಗೆ ಊಟ ವಸತಿಗಳನ್ನು ಒದಗಿಸುವರು. ಶಾಲೆಯ ಸಭಾಂಗಣವೋ ಊರಿನ ಬಯಲೋ ಸಂಜೆಯ ಹೊತ್ತಿಗೆ ರಂಗಮಂದಿರವಾಗುವುದು. ಮಧ್ಯಾಹ್ನ ರಂಗಸಜ್ಜಿಕೆಯ ಹಲಗೆ ಹೊತ್ತವನೇ ರಾತ್ರಿ ರಾಜನಾಗುವನು; ಆಟ ಮುಗಿದೊಡನೆ ರಾಜನೇ ಮತ್ತೆ ಹಲಗೆ ಬಿಚ್ಚಿ ಗಾಡಿಗೆ ಏರಿಸುವನು. ಮರುದಿನ ಇನ್ನೊಂದು ಊರು.

ಈ ಏರ್ಪಾಡಿನಲ್ಲಿ ನಟರಿಗೆ ಸಂಬಳ ದೊರೆಯಿತು. ಊರುಗಳಿಗೆ ನಾಟಕ ದೊರೆಯಿತು. ಅದಕ್ಕಿಂತ ಮಿಗಿಲಾದ ಇನ್ನೊಂದು ಲಾಭವೂ ಉಂಟಾಯಿತು. ತಿರುಗಾಟದ ನಾಟಕವನ್ನು ಕರೆಸಬೇಕಾದರೆ ಪ್ರತಿಯೊಂದು ಊರಿನಲ್ಲಿಯೂ ನಾಲ್ಕು ಮಂದಿ ಕೂಡಬೇಕು, ಚಂದಾ ಎತ್ತಬೇಕು, ಟಿಕೆಟು ಮಾರಬೇಕು, ಅಡುಗೆಗೆ ವ್ಯವಸ್ಥೆ ಮಾಡಬೇಕು. ಅಂಗಡಿಯವರು, ಉಪಾಧ್ಯಾಯರು, ರೈತರು, ಗುಮಾಸ್ತರು ಒಟ್ಟಾಗಿ ದುಡಿಯಬೇಕು. ನಾಟಕವೊಂದು ಒಂದು ರಾತ್ರಿಗೆ ಮುಗಿಯುತ್ತದೆ. ಅದಕ್ಕಾಗಿ ಕೂಡಿದ ಆ ಬಳಗ ಮಾತ್ರ ಉಳಿಯುತ್ತದೆ. ಊರೂರಿನಲ್ಲಿ ಇಂಥ ಬಳಗ ಉಳಿಯಬೇಕೆಂಬುದೇ ಸುಬ್ಬಣ್ಣನವರ ಮುಖ್ಯ ಆಶಯವಾಗಿತ್ತು. ಸಂಘದ ಗಳಿಕೆ ಯಾರೊಬ್ಬರ ಸ್ವಂತ ಲಾಭವೂ ಆಗಲಿಲ್ಲ. ಬಂದದ್ದು ಮುಂದಿನ ವರ್ಷದ ಕೆಲಸಕ್ಕೆ ಬೀಜದ ಬತ್ತದಂತೆ ವಿನಿಯೋಗವಾಯಿತು.

ಸಂಸ್ಥೆಯನ್ನು ಕಟ್ಟುವ ಗಡಿಬಿಡಿಯಲ್ಲಿ ಸುಬ್ಬಣ್ಣನವರು ಲೇಖನಿಯನ್ನು ಕೆಳಗಿಡಲಿಲ್ಲ. ಕಾಳಿದಾಸನ ಶಾಕುಂತಲವನ್ನು ‘ಲೋಕ ಶಾಕುಂತಲ’ವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಬ್ರೆಕ್ಟ್‌ನ ನಾಟಕಗಳನ್ನೂ ಕನ್ನಡಿಸಿದರು. ದೂರದ ದೇಶದ ನಾಟಕವು ಕನ್ನಡದ ನಟನ ಬಾಯಲ್ಲಿ ಎರವಲು ಮಾತಿನಂತೆ ಕೇಳಿಸಬಾರದೆಂಬ ಎಚ್ಚರ ಅವರಿಗಿತ್ತು. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಕುರಿತು ಅವರು ಆಳವಾಗಿ ಚಿಂತಿಸಿದರು. ಕನ್ನಡವೆಂಬುದು ಒಂದೇ ಅಚ್ಚಿನ ಭಾಷೆಯಲ್ಲ, ಹಲವು ಕನ್ನಡಗಳು ಕೂಡಿ ಬಾಳುವ ಒಂದು ಜಗತ್ತು ಎಂಬ ದರ್ಶನ ಆ ಪ್ರಾಚೀನ ಗ್ರಂಥದಲ್ಲಿ ಅವರಿಗೆ ಕಂಡಿತು. ಸಂಸ್ಕೃತದಂಥ ಹಿರಿಯ ಭಾಷೆಯೊಡನೆ ಕನ್ನಡವು ಹಗೆತನವನ್ನೂ ಬೆಳೆಸದೆ, ಅದಕ್ಕೆ ಅಡಿಯಾಳೂ ಆಗದೆ, ಸರಿಸಮನಾಗಿ ನಿಂತು ಕೊಟ್ಟುಕೊಂಡ ಬಗೆಯನ್ನು ಅವರು ವಿವರಿಸಿದರು. ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಎಂಬ ಅವರ ಕೃತಿಗೆ 2003ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಬಿಜಾಪುರ ಮಂಗಳೂರುಗಳ ಕನ್ನಡವನ್ನು ಒಂದು ಪಂಕ್ತಿಯಲ್ಲಿ ಕುಳ್ಳಿರಿಸಿದವರು ಆ ಗ್ರಂಥದಲ್ಲಿ ಇಂಥ ಅರ್ಥವನ್ನು ಕಂಡದ್ದು ಸಹಜವೇ ಆಗಿದೆ.

ಅದಕ್ಕೂ ಮುನ್ನ, 1991ರಲ್ಲಿ, ಅವರಿಗೆ ರಾಮೋನ್ ಮ್ಯಾಗ್ಸೇಸೆ ಪ್ರಶಸ್ತಿ ದೊರೆತಿತ್ತು. ಫಿಲಿಪ್ಪೀನ್ಸ್ ದೇಶದ ಮನಿಲಾ ನಗರದಲ್ಲಿ ನೀಡಲಾಗುವ ಈ ಗೌರವ ಏಷ್ಯಾ ಖಂಡದ ಅತ್ಯುನ್ನತ ಮನ್ನಣೆಗಳಲ್ಲಿ ಒಂದು. ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಾತ್ಮಕ ಸಂವಹನ ಕಲೆಗಳ ವಿಭಾಗದಲ್ಲಿ ಅದು ಅವರಿಗೆ ಸಂದಿತು. ಹೆಗ್ಗೋಡಿನ ಹೆಸರು ಪ್ರಪಂಚದ ಪತ್ರಿಕೆಗಳಲ್ಲಿ ಅಚ್ಚಾಯಿತು. ಪ್ರಶಸ್ತಿ ಬಂದ ಮೇಲೂ ಸುಬ್ಬಣ್ಣನವರು ಊರನ್ನು ಬಿಡಲಿಲ್ಲ. ದೂರದವರು ಅವರನ್ನು ಕಾಣಬೇಕಾದರೆ ಸಾಗರದ ದಾರಿ ಹಿಡಿದು ಹೆಗ್ಗೋಡಿಗೇ ಬರಬೇಕಾಗಿತ್ತು. ಪ್ರತಿವರ್ಷ ನಡೆಯುವ ಸಂಸ್ಕೃತಿ ಶಿಬಿರಕ್ಕೆ ದೇಶದ ಹೆಸರಾಂತ ವಿದ್ವಾಂಸರೂ ಕಲಾವಿದರೂ ಹಾಗೆಯೇ ಬಂದರು. ಅವರ ಉಪನ್ಯಾಸಗಳನ್ನು ಕೇಳಲು ಕಾಲೇಜಿನ ಅಧ್ಯಾಪಕರ ಪಕ್ಕದಲ್ಲಿ ತೋಟದ ಕೆಲಸ ಮುಗಿಸಿ ಬಂದವರೂ ಕುಳಿತುಕೊಂಡರು. ರಾತ್ರಿ ನಾಟಕ, ಬೆಳಗಾದರೆ ಅದೇ ನಾಟಕದ ಮೇಲೆ ಚರ್ಚೆ. ಅಲ್ಲಿ ಪದವಿಯಿಂದ ಯಾರ ಮಾತಿಗೂ ಹೆಚ್ಚು ಬೆಲೆ ಬರುತ್ತಿರಲಿಲ್ಲ. ನೋಡಿದ್ದನ್ನು ಎಷ್ಟು ಚೆನ್ನಾಗಿ ನೋಡಿದ್ದಾರೆಂಬುದರಿಂದ ಬರುತ್ತಿತ್ತು.

ಸುಬ್ಬಣ್ಣನವರು 2005ರ ಜುಲೈ 16ರಂದು ತೀರಿಕೊಂಡರು. ಮಲೆನಾಡಿನಲ್ಲಿ ಅದು ಮಳೆ ಹಿಡಿದು ಹೊಯ್ಯುವ ಕಾಲ. ಎಪ್ಪತ್ತಮೂರು ವರ್ಷದ ಅವರ ಬಾಳಿನಲ್ಲಿ ಸಂಘದ ಪಾಲು ಐವತ್ತಾರು ವರ್ಷ.

ಒಬ್ಬನ ಬಲದಿಂದ ಎದ್ದ ಸಂಸ್ಥೆ ಅವನೊಡನೆಯೇ ಉರುಳುವುದನ್ನು ಲೋಕ ಎಷ್ಟೋ ಸಲ ಕಂಡಿದೆ. ನೀನಾಸಂ ಈ ಪರೀಕ್ಷೆಯಲ್ಲಿಯೂ ಗೆದ್ದಿತು. ಅವರ ಮಗ, ನಾಟಕಕಾರರೂ ನಿರ್ದೇಶಕರೂ ಆದ ಕೆ. ವಿ. ಅಕ್ಷರ ಅವರೂ ಅನೇಕ ಸಂಗಡಿಗರೂ ಕೂಡಿ ಕೆಲಸವನ್ನು ಮುಂದುವರಿಸಿದರು. ಸುಬ್ಬಣ್ಣನವರಿಲ್ಲದ ವರ್ಷಗಳಲ್ಲಿಯೂ ರಂಗಶಿಕ್ಷಣ ಕೇಂದ್ರಕ್ಕೆ ಹೊಸ ವಿದ್ಯಾರ್ಥಿಗಳು ಬಂದರು. ತಿರುಗಾಟದ ವಾಹನ ಹೊರಟಿತು. ಅಡಕೆಯ ಸಸಿಯನ್ನು ನೆಟ್ಟವನು ಮೊದಲ ಕೊನೆಗಾಗಿ ವರ್ಷಗಟ್ಟಲೆ ಕಾಯಬೇಕು. ತಾನು ನೆಟ್ಟ ಮರದ ಫಲವನ್ನು ತನಗಿಂತ ಹೆಚ್ಚಾಗಿ ಮಕ್ಕಳು ಮೊಮ್ಮಕ್ಕಳು ಉಣ್ಣುವರೆಂದು ಬಲ್ಲವನೇ ಒಳ್ಳೆಯ ತೋಟಗಾರ. ಸುಬ್ಬಣ್ಣನವರು ಆ ಬಗೆಯ ತೋಟಗಾರರಾಗಿದ್ದರು.

ಹಳ್ಳಿಯಲ್ಲಿ ಏನಿದೆ ಎಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಇಲ್ಲದ್ದನ್ನು ಎಣಿಸುತ್ತ ಊರನ್ನು ತೊರೆಯುವುದು ಸುಲಭ. ಇಲ್ಲದ್ದನ್ನು ತಂದು ನೆಡುವುದು ಕಷ್ಟ. ಆ ಕಷ್ಟವನ್ನು ಮೆಚ್ಚಿ ಆರಿಸಿಕೊಂಡ ಒಬ್ಬ ಕೃಷಿಕನಿಂದಾಗಿ ಕಾಳಿದಾಸ, ಶೇಕ್ಸ್‌ಪಿಯರ್, ಬ್ರೆಕ್ಟ್ ಮೂವರೂ ಮಲೆನಾಡಿನ ಒಂದು ಸಣ್ಣ ಊರಿಗೆ ನೆಂಟರಾಗಿ ಬಂದರು. ಅವರನ್ನು ಬರಮಾಡಿಕೊಂಡ ಜನರೂ ಆ ನೆಂಟಸ್ತಿಕೆಗೆ ತಕ್ಕವರಾಗಿದ್ದರು.